ಸೀರೆಯ ಕಪಾಟಿನಲ್ಲಿ ಕೋವಿ

೨೬ ಸೆಪ್ಟೆಂಬರ್ ೧೯೮೪, ಬುಧವಾರ

ಬಂತು. ಮೂರು ವರ್ಷ, ಹನ್ನೊಂದು ಅರ್ಜಿ, ಡಿ.ಸಿ. ಕಚೇರಿಯ ಮೆಟ್ಟಿಲು ಹತ್ತಿ ಇಳಿದದ್ದಕ್ಕೆ ಲೆಕ್ಕವಿಲ್ಲ. ಇವತ್ತು ಮಧ್ಯಾಹ್ನ ಮಂಗಳೂರಿನ ಕೋವಿ ಅಂಗಡಿಯವರು ನಾಲ್ಕು ಕಡೆ ಸಹಿ ಹಾಕಿಸಿಕೊಂಡು ನನ್ನ ಕೈಗೆ ಕೊಟ್ಟರು. ಪಾಯಿಂಟ್ ಟೂ ಟೂ, ಸೆಮಿ ಆಟೊಮ್ಯಾಟಿಕ್, ಝೆಕೊಸ್ಲೊವಾಕಿಯಾದಲ್ಲಿ ತಯಾರಾದದ್ದು, ಮ್ಯಾಗಝಿನ್‌ನಲ್ಲಿ ಹತ್ತು ತೋಟೆ ಹಿಡಿಯುತ್ತದೆ. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸಿನಲ್ಲಿ ತಂದೆ. ಪಕ್ಕದಲ್ಲಿ ಕುಳಿತವರು ತಂಬೂರಿಯಾ ಎಂದು ಕೇಳಿದರು. ಹೌದು ಎಂದೆ. ಅಲ್ಲಿಂದ ಕಾಪುವಿನವರೆಗೆ ಅವರು ತಮ್ಮ ಮಗಳ ಸಂಗೀತ ಪರೀಕ್ಷೆಯ ಕಥೆ ಹೇಳಿದರು, ನಾನು ತಲೆಯಾಡಿಸುತ್ತಾ ಬಂದೆ.

ಮನೆಗೆ ಬಂದವನೇ ಮೇಜಿನ ಮೇಲೆ ಬಿಚ್ಚಿದೆ. ಇಪ್ಪತ್ತೆಂಟು ವರ್ಷ ಗಡಿಯಾರ ಬಿಚ್ಚಿ ಜೋಡಿಸಿದ ಕೈ ನನ್ನದು, ಸುಲಭಕ್ಕೆ ಬೆರಗಾಗುವುದಿಲ್ಲ. ಇವತ್ತು ಆದೆ. ಗುಂಡು ಹಾರಿದ ಒತ್ತಡದಿಂದಲೇ ಬೋಲ್ಟ್ ಹಿಂದಕ್ಕೆ ಹೋಗುತ್ತದೆ. ಹೋಗುವಾಗ ಖಾಲಿ ತೋಟೆಯನ್ನು ಬಲಕ್ಕೆ ಉಗುಳುತ್ತದೆ. ಸ್ಪ್ರಿಂಗ್ ಅದನ್ನು ಮುಂದಕ್ಕೆ ದೂಡುವಾಗ ಹೊಸ ತೋಟೆಯನ್ನು ಎತ್ತಿಕೊಂಡು ಹೋಗಿ ಕೂರಿಸುತ್ತದೆ. ಅಂದರೆ ಒಂದು ಕೆಲಸ ಮುಗಿಯುವುದರೊಳಗೆ ಮುಂದಿನ ಕೆಲಸಕ್ಕೆ ತಯಾರಿ ಮುಗಿದಿರುತ್ತದೆ. ಸರಕಾರಿ ಕಚೇರಿಯಲ್ಲಿ ಇಂಥದ್ದು ಒಂದಿದ್ದರೆ ನನಗೆ ಇದು ಮೂರು ವರ್ಷ ಮೊದಲೇ ಸಿಗುತ್ತಿತ್ತು.

ಈಗ ನನ್ನ ಅಂಗಡಿಗೆ ಬರುವುದೆಲ್ಲ ಗಲ್ಫಿನ ಡಿಜಿಟಲ್ ವಾಚುಗಳು. ಮಣಿಪಾಲದ ಹುಡುಗರ ಕೈಯಲ್ಲಿ ಬೇರೆ ಇಲ್ಲವೇ ಇಲ್ಲ. ಬಿಚ್ಚಿದರೆ ಒಳಗೆ ಒಂದು ಹಸಿರು ತಗಡು, ಚಕ್ರವಿಲ್ಲ, ಸ್ಪ್ರಿಂಗ್ ಇಲ್ಲ, ಮರ್ಯಾದೆ ಇಲ್ಲ. ಇಂಥ ಕಾಲದಲ್ಲಿ ಯಾರೋ ದೂರದ ದೇಶದಲ್ಲಿ ಕುಳಿತು ಇಷ್ಟು ನಿಷ್ಠೆಯಿಂದ ಒಂದು ಯಂತ್ರ ಮಾಡಿದ್ದಾರೆ ಎಂದು ಕಣ್ಣು ಒದ್ದೆಯಾಯಿತು. ಎಣ್ಣೆಯ ವಾಸನೆಯೇ ಒಂದು ಊಟ.

ಪರವಾನಗಿಯ ಷರತ್ತಿನಂತೆ ಬೀಗ ಹಾಕಿ ಇಡಬೇಕು. ಮನೆಯಲ್ಲಿ ಬೀಗ ಇರುವ ಎತ್ತರದ ವಸ್ತು ಒಂದೇ, ಪ್ರಫುಲ್ಲಾಳ ಉಕ್ಕಿನ ಕಪಾಟು. ಮದುವೆಯಲ್ಲಿ ಅವಳ ತವರಿನಿಂದ ಬಂದದ್ದು. ಅಡ್ಡ ಹಲಗೆಗಳನ್ನು ತೆಗೆದರೆ ಕೋವಿ ನೇರ ನಿಲ್ಲುತ್ತದೆ, ಅಳತೆ ಕೊಟ್ಟು ಮಾಡಿಸಿದ ಹಾಗೆ. ಅವಳು ಬಾವಿಕಟ್ಟೆಯಲ್ಲಿದ್ದಳು. ಸೀರೆಗಳನ್ನು ಮಂಚದ ಕೆಳಗಿನ ಟ್ರಂಕಿಗೆ ತುಂಬಿಸಿದೆ.

ಊಟಕ್ಕೆ ಬಂಗುಡೆ ಮೀನಿನ ಪುಳಿಮುಂಚಿ ಇತ್ತು. ತಣ್ಣಗಾಗಿತ್ತು. ಯಾಕೆ ಬಿಸಿ ಮಾಡಲಿಲ್ಲವೋ ತಿಳಿಯದು.

೨೮ ಸೆಪ್ಟೆಂಬರ್

ಮನೆಯಲ್ಲಿ ನಾವು ಆಡುವುದು ತುಳು. ಪ್ರಫುಲ್ಲಾಳಿಗೆ ಸಿಟ್ಟು ಬಂದರೆ ಮಾತ್ರ ಕನ್ನಡ ಬರುತ್ತದೆ, ಅದೂ ಶಾಲೆಯ ಪುಸ್ತಕದ್ದು. ಇವತ್ತು ಬೆಳಿಗ್ಗೆ ಚಹಾದ ಲೋಟ ಇಟ್ಟು ಹೇಳಿದಳು:

"ನನ್ನ ಸೀರೆಗಳು ಎಲ್ಲಿವೆ ಎಂದು ತಿಳಿಯಬಹುದೇ?"

ಟ್ರಂಕಿನಲ್ಲಿ ಎಂದೆ.

"ಟ್ರಂಕಿನಲ್ಲಿ ಜಿರಳೆ ಉಂಟು."

ನುಸಿಗುಳಿಗೆ ಹಾಕಿದರಾಯಿತು ಎಂದೆ. ಅಂಗಡಿಯಿಂದ ಬರುವಾಗ ನೆನಪಿಟ್ಟು ತಂದೂ ಕೊಟ್ಟೆ. ಗಂಡಸರಲ್ಲಿ ಎಷ್ಟು ಮಂದಿ ನೆನಪಿಡುತ್ತಾರೆ? ಅವಳು ಪೊಟ್ಟಣವನ್ನು ಕಪಾಟಿನೊಳಗೆ, ಕೋವಿಯ ಪಕ್ಕದಲ್ಲಿ ಇಟ್ಟಳು. ಅಲ್ಲಿಗೆ ಯಾಕೆ ಎಂದರೆ, "ಅದಕ್ಕೆ ಜಿರಳೆ ಹತ್ತಬಾರದಲ್ಲ" ಎಂದಳು. ಅವಳಿಗೂ ಅದರ ಬಗ್ಗೆ ಕಾಳಜಿ ಹುಟ್ಟಿದ್ದು ಕಂಡು ಸಮಾಧಾನವಾಯಿತು.

೩ ಅಕ್ಟೋಬರ್, ಬುಧವಾರ

ಆಯುಧ ಪೂಜೆ. ನನ್ನ ಚಿಮ್ಮಟ, ಸ್ಕ್ರೂಡ್ರೈವರ್, ಕಣ್ಣಿಗೆ ಕಟ್ಟುವ ಭೂತಗನ್ನಡಿ, ಸೈಕಲ್, ಪ್ರಫುಲ್ಲಾಳ ಹೊಲಿಗೆ ಯಂತ್ರ, ನಡುವೆ ಕೋವಿ. ಹೊಲಿಗೆ ಯಂತ್ರಕ್ಕೆ ಅವಳು ಮೂರು ಮೊಳ ಮಲ್ಲಿಗೆ ಮುಡಿಸಿದಳು. ಕೋವಿಗೆ ಒಂದು ದಾಸವಾಳ, ಅದನ್ನೂ ನಾನೇ ಕೊಯ್ದದ್ದು. ಹಾಗಾಗಿ ಕೊರತೆ ಆಗಬಾರದೆಂದು ಗಂಧ, ಕುಂಕುಮ, ಅಕ್ಷತೆ ಎಲ್ಲ ಧಾರಾಳವಾಗಿ ನಾನೇ ಹಾಕಿದೆ.

ಪಕ್ಕದ ಅಂಗಡಿಯ ಶೇಕಬ್ಬ ಅವಲಕ್ಕಿ ತಿನ್ನಲು ಬಂದಿದ್ದ. ಗಲ್ಫಿನ ಸೆಂಟು, ಟಾರ್ಚು, ಆ ಹಾಳು ಡಿಜಿಟಲ್ ವಾಚು ಮಾರುವವನು ಅವನೇ. ಆದರೂ ಒಳ್ಳೆಯವನು. ಕೋವಿಯನ್ನು ಸುತ್ತು ಹಾಕಿ ನೋಡಿ, "ಎಂತ ಭುಜಂಗಣ್ಣ, ಕುಂಕುಮ ಇಟ್ಟು ಹೂ ಮುಡಿಸಿ ಕೂರಿಸಿದ್ದೀರಿ. ಈಗ ನಿಮಗೆ ಮನೆಯಲ್ಲಿ ಇಬ್ಬರು ಅಲ್ವಾ?" ಎಂದ. ನಾನು ನಕ್ಕೆ. ಪ್ರಫುಲ್ಲಾ ಅವನಿಗೆ ಇನ್ನೊಂದು ಸೌಟು ಅವಲಕ್ಕಿ ಹಾಕಿದಳು, ನನಗೆ ಹಾಕಲಿಲ್ಲ.

೭ ಅಕ್ಟೋಬರ್, ಭಾನುವಾರ

ಮೊದಲ ಗುರಿ ಅಭ್ಯಾಸ. ಶಿರ್ವದಲ್ಲಿ ಪ್ಯಾಟ್ರಿಕ್‌ನದ್ದೊಂದು ಕೆಂಪುಕಲ್ಲಿನ ಕೋರೆ ಉಂಟು. ಕಲ್ಲು ಮುಗಿದು ಖಾಲಿ ಬಿದ್ದಿದೆ, ಮೂರೂ ಕಡೆ ಗೋಡೆ. ರೈಫಲ್ ಸಂಘದಲ್ಲಿ ಅವನೂ ನನ್ನ ಹಾಗೆ ಸದಸ್ಯ. ಐವತ್ತು ಹೆಜ್ಜೆ ದೂರದಲ್ಲಿ ಹಾಲಿನ ಪುಡಿಯ ಡಬ್ಬಿ ಇಟ್ಟ.

ಒಂದು ಗುಂಡು ಹಾರಿತು. ಎರಡನೆಯದು ಹಾರಲಿಲ್ಲ. ಬೋಲ್ಟ್ ಅರ್ಧ ದಾರಿಯಲ್ಲಿ ನಿಂತಿತ್ತು. ಅಲ್ಲೇ ಟವೆಲ್ ಹಾಸಿ ಬಿಚ್ಚಿ, ಭೂತಗನ್ನಡಿ ಕಟ್ಟಿ ನೋಡಿದರೆ ತೋಟೆ ಕೂರುವ ಬಾಯಲ್ಲಿ ಒಂದು ಅಕ್ಕಿ ಕಾಳು. ಅರಶಿನ ಹಚ್ಚಿದ್ದು. ಸ್ಪ್ರಿಂಗಿನ ಸುತ್ತ ಗಂಧ ಒಣಗಿ ಗಾರೆಯಾಗಿತ್ತು.

ಪ್ಯಾಟ್ರಿಕ್ ಹೇಳಿದ, "ನಿಮ್ಮ ಪೂಜೆ ಇದಕ್ಕೆ ಆಗುವುದಿಲ್ಲ ಮಾರಾಯ್ರೆ. ನಮ್ಮ ಪಾದ್ರಿಗಳ ಹತ್ತಿರ ತನ್ನಿ. ಅವರು ನೀರು ಮಾತ್ರ ಚಿಮುಕಿಸುವುದು, ಒಣಗ್ತದೆ."

ಶುದ್ಧ ಮಾಡಿ ಉಳಿದ ಒಂಬತ್ತನ್ನೂ ಹೊಡೆದೆ. ಏನು ಓಟ! ಠಪ್ ಠಪ್ ಠಪ್, ಖಾಲಿ ತೋಟೆಗಳು ಬಲಕ್ಕೆ ಸಾಲಾಗಿ ಬಿದ್ದವು. ಡಬ್ಬಿಗೆ ಯಾವುದೂ ತಾಗಲಿಲ್ಲ. ನಿಜ ಹೇಳಬೇಕೆಂದರೆ ಡಬ್ಬಿ ಎಲ್ಲಿ ಉಂಟೆಂದು ಎರಡು ಸಲ ಕೇಳಬೇಕಾಯಿತು. ಇಷ್ಟು ವರ್ಷ ಮೂಗಿನ ತುದಿಯಲ್ಲೇ ಕೆಲಸ ಮಾಡಿದ ಕಣ್ಣಿಗೆ ಐವತ್ತು ಹೆಜ್ಜೆ ಎಂದರೆ ಪರದೇಶ. ಆದರೆ ತಾಗುವುದು ಮುಖ್ಯವಲ್ಲ, ಯಂತ್ರ ಓಡುವುದು ಮುಖ್ಯ.

ಕಡಿಯಾಳಿಯ ನಮ್ಮ ಮನೆಗೆ ಬಂದಾಗ ಬಾಗಿಲಿಗೆ ಬೀಗ. ಕೀಲಿ ಪಕ್ಕದ ಮನೆಯಲ್ಲಿತ್ತು. ಮಂಚದ ಕೆಳಗೆ ಟ್ರಂಕು ಇಲ್ಲ. ಉಪ್ಪಿನ ಭರಣಿಯ ಕೆಳಗೆ ಚೀಟಿ, ಕನ್ನಡದಲ್ಲಿ: "ಸೀರೆಗಳು ಪೆರ್ಡೂರಿಗೆ ಹೋಗಿವೆ. ಜೊತೆಗೆ ನಾನೂ."

ಪೆರ್ಡೂರಿನಲ್ಲಿ ಅವಳ ಅಕ್ಕ ಬೇಬಿಯ ಮನೆ. ನಾಲ್ಕು ದಿನದಲ್ಲಿ ಬರುತ್ತಾಳೆ.

೧೬ ಅಕ್ಟೋಬರ್

ಬರಲಿಲ್ಲ. ಮನೆಯಲ್ಲಿ ಒಳ್ಳೆಯ ನಿಶ್ಶಬ್ದ. ಊಟ ಹೋಟೆಲಿನಲ್ಲಿ, ಎರಡು ಹೊತ್ತೂ ಅದೇ ಸಾಂಬಾರು. ಸಂಜೆ ಆರರಿಂದ ಎಂಟರವರೆಗೆ ಕೋವಿ ಬಿಚ್ಚಿ ಜೋಡಿಸುತ್ತೇನೆ. ಮೊದಲ ದಿನ ನಲವತ್ತು ನಿಮಿಷ ಬೇಕಾಗಿತ್ತು, ಈಗ ಹನ್ನೊಂದು. ನಮ್ಮ ಕರಾವಳಿಯ ಗಾಳಿಗೆ ಉಕ್ಕು ತಡೆಯುವುದಿಲ್ಲ, ಮೂರು ದಿನ ಬಿಟ್ಟರೆ ಕೆಂಪು ಚುಕ್ಕೆ ಏಳುತ್ತದೆ. ಆದ್ದರಿಂದ ದಿನವೂ ಒರೆಸುತ್ತೇನೆ. ಇದರ ಬಗ್ಗೆ ಯಾರ ಆಕ್ಷೇಪಣೆಯೂ ಇಲ್ಲ.

೨೮ ಅಕ್ಟೋಬರ್, ಭಾನುವಾರ

ದೀಪಾವಳಿಗೂ ಬರಲಿಲ್ಲ. ಮಕ್ಕಳಿಲ್ಲದ ಮನೆ, ಎಣ್ಣೆಸ್ನಾನಕ್ಕೆ ಬೆನ್ನು ತಿಕ್ಕುವವರೂ ಇಲ್ಲ. ಇವತ್ತು ನಾನೇ ಪೆರ್ಡೂರಿಗೆ ಹೋದೆ. ಬೇಬಿ ಬಾಗಿಲಲ್ಲೇ, "ಬಂದಿರಾ? ಒಬ್ಬರೇ? ಅದನ್ನು ಯಾರ ಹತ್ತಿರ ಬಿಟ್ಟು ಬಂದಿರಿ ಪಾಪ?" ಎಂದಳು. ಅಕ್ಕತಂಗಿಯರ ನಾಲಿಗೆ ಒಂದೇ ಕಾರ್ಖಾನೆಯದ್ದು.

ಪ್ರಫುಲ್ಲಾಳಿಗೆ ಸರಳವಾದ ಪರಿಹಾರ ಹೇಳಿದೆ: ಇನ್ನೊಂದು ಕಪಾಟು ತರೋಣ, ಇದಕ್ಕಿಂತ ದೊಡ್ಡದು, ಕನ್ನಡಿ ಇರುವಂಥದ್ದು. ನಿನ್ನ ಸೀರೆ ಅದರಲ್ಲಿ.

"ಇದು ಕಪಾಟಿನ ವಿಷಯ ಅಲ್ಲ" ಎಂದಳು, ಕನ್ನಡದಲ್ಲಿ.

ಮತ್ತೆ ಎಂತದ್ದು?

"ನನ್ನ ಸೀರೆ ತೆಗೆಯುವ ಮೊದಲು ನನ್ನ ಹತ್ತಿರ ಒಂದು ಮಾತು ಕೇಳಿದ್ದೀರಾ?"

"ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ."

"ಹೌದು."

ಬೇಡ ಎನ್ನುತ್ತಾಳೆಂದು ಗೊತ್ತಿದ್ದ ಮೇಲೆ ಕೇಳುವುದು ಯಾಕೆ? ತರ್ಕ ನನ್ನ ಕಡೆಗೆ ಇದೆ. ಆದರೆ ಅವಳು ಕೊನೆಯ ಮಾತು ಹೇಳಿಬಿಟ್ಟಳು. "ಆ ಕೋವಿ ಮನೆಯಿಂದ ಹೊರಗೆ ಹೋದ ದಿನ ನಾನು ಒಳಗೆ ಬರುತ್ತೇನೆ. ಅದು ಒಳಗೆ ಬಂದ ದಿನ ನಾನು ಹೊರಗೆ." ಬೇಬಿ ಕೊಟ್ಟ ಚಕ್ಕುಲಿ ಕಟ್ಟಿಕೊಂಡು ಬಸ್ಸು ಹತ್ತಿದೆ.

೩ ನವೆಂಬರ್

ದೆಹಲಿಯಿಂದ ಪ್ರಧಾನಿಯ ಕೊಲೆಯ ಸುದ್ದಿ ಬಂದಾಗಿನಿಂದ ಅಂಗಡಿಗಳೆಲ್ಲ ಮುಚ್ಚಿವೆ. ರೇಡಿಯೋ ಮುಂದೆ ಒಬ್ಬನೇ ಕುಳಿತೆ. ಇಂಥ ಸುದ್ದಿಯನ್ನು ಒಬ್ಬನೇ ಕೇಳಬಾರದು. ಬಹಳ ಹೆದರಿಕೆಯಾಯಿತು.

೨೦ ನವೆಂಬರ್, ಮಂಗಳವಾರ

ಅನ್ಯಾಯ. ಲೋಕಸಭೆಗೆ ಚುನಾವಣೆಯಂತೆ. ತಾಲೂಕಿನಲ್ಲಿ ಪರವಾನಗಿ ಇರುವ ಕೋವಿಗಳನ್ನೆಲ್ಲ ಫಲಿತಾಂಶ ಬರುವವರೆಗೆ ಠಾಣೆಯಲ್ಲಿ ಇಡಬೇಕೆಂದು ಆದೇಶ. ನಾನು ಯಾರಿಗೆ ಗುಂಡು ಹೊಡೆಯಲು ಹೋಗುತ್ತೇನೆ? ಹಾಲಿನ ಪುಡಿಯ ಡಬ್ಬಿಗೇ ನನ್ನಿಂದ ಅಪಾಯವಿಲ್ಲ.

ಠಾಣೆಯ ಹೆಡ್ ಕಾನ್‌ಸ್ಟೇಬಲ್ ಹೂವಪ್ಪ ಘಟ್ಟದ ಮೇಲಿನವರು. "ಎಲ್ಲರಿಗೂ ಒಂದೇ ರೂಲು ಕಣ್ರೀ. ಇಲ್ಲೇನೂ ಊಟ ಕೇಳಲ್ಲ ಅದು, ಇರ್ಲಿ ಬಿಡಿ" ಎಂದರು. ಒಳಗಿನ ಕೋಣೆಯಲ್ಲಿ ಗೋಡೆಗೆ ಒರಗಿಸಿ ರೈತರ ಒಂಟಿ ನಳಿಗೆ, ಜೋಡಿ ನಳಿಗೆ, ಅಜ್ಜನ ಕಾಲದ ಕೇಪಿನ ಕೋವಿ. ಅವುಗಳ ಮಧ್ಯೆ ನನ್ನದು. ಕುತ್ತಿಗೆಗೆ ಚೀಟಿ ಕಟ್ಟಿ ೩೭ ಎಂದು ಬರೆದರು. ಕಿಟಕಿಯ ಹತ್ತಿರ ಇಡಬೇಡಿ, ಉಪ್ಪು ಗಾಳಿ ಬರುತ್ತದೆ ಎಂದು ಮೂರು ಸಲ ಹೇಳಿದೆ. ರಸೀದಿ ಕೊಟ್ಟರು. ಬಾಗಿಲು ದಾಟುವಾಗ ಒಮ್ಮೆ ತಿರುಗಿ ನೋಡಿದೆ. ಬೋರ್ಡಿಂಗ್ ಶಾಲೆಯಲ್ಲಿ ಮಗುವನ್ನು ಬಿಟ್ಟ ಹಾಗೆ ಆಯಿತು.

೨೧ ನವೆಂಬರ್

ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ಪ್ರಫುಲ್ಲಾ ಟ್ರಂಕಿನ ಸಮೇತ ಬಂದಳು. ಬೇಬಿಯ ಗಂಡನಿಗೂ ತೋಟದ ಕೋವಿ ಉಂಟು, ಅವನೂ ಠಾಣೆಗೆ ಹೊತ್ತುಕೊಂಡು ಹೋದನಂತೆ. ಹಾಗೆ ಅವಳಿಗೆ ತಿಳಿಯಿತು. ಹೊಸ್ತಿಲಲ್ಲಿ ನಿಂತು ಕೈ ಚಾಚಿ, "ರಸೀದಿ?" ಎಂದಳು.

ಕೊಟ್ಟೆ. ಸರ್ಕಲ್ ಇನ್‌ಸ್ಪೆಕ್ಟರರ ಹಾಗೆ ಮೇಲಿಂದ ಕೆಳಗೆ ಓದಿದಳು.

"ಈ ಮೂವತ್ತೇಳು ಎಂತ?"

"ಅದರ ನಂಬರು."

"ಅದಕ್ಕಿಂತ ಮೊದಲು ಮೂವತ್ತಾರು ಮನೆಯವರಿಗೆ ನೆಮ್ಮದಿ ಆಗಿದೆ ಹಾಗಾದರೆ" ಎಂದು ಒಳಗೆ ಬಂದಳು. ಹಲಗೆಗಳನ್ನು ಕಪಾಟಿಗೆ ತಿರುಗಿ ಹಾಕಿಕೊಟ್ಟೆ. ಮಧ್ಯಾಹ್ನ ಬಂಗುಡೆ. ಬಿಸಿಯಿತ್ತು.

೨ ಡಿಸೆಂಬರ್, ಭಾನುವಾರ

ಎಣ್ಣೆ, ಬಟ್ಟೆ ತೆಗೆದುಕೊಂಡು ಠಾಣೆಗೆ ಹೋದೆ. ಹೂವಪ್ಪನವರು ತಮ್ಮೆದುರಿಗೇ ಒರೆಸಬೇಕೆಂದು ಷರತ್ತು ಹಾಕಿ ಒಳಗೆ ಬಿಟ್ಟರು. ನನ್ನದನ್ನು ಒರೆಸಿ ಮುಗಿಸಿದಾಗ, "ಅದೊಂದಕ್ಕೇ ಮಾಡಿದ್ರೆ ಪಕ್ಕದವ್ರಿಗೆ ಬೇಜಾರಾಗಲ್ವೇನ್ರೀ?" ಎಂದರು. ಪಕ್ಕದ ನಾಲ್ಕನ್ನೂ ಒರೆಸಿದೆ. ಠಾಣೆಯ ಗೋಡೆ ಗಡಿಯಾರ ನಿಂತು ಎರಡು ವರ್ಷವಾಗಿತ್ತಂತೆ, ಅದನ್ನೂ ನಡೆಸಿಕೊಟ್ಟೆ. ಪ್ರತಿ ಭಾನುವಾರ ಬರುತ್ತೇನೆಂದು ಹೇಳಿ ಬಂದಿದ್ದೇನೆ.

೯ ಡಿಸೆಂಬರ್

ಠಾಣೆಗೆ ಹೋಗಲಾಗಲಿಲ್ಲ. ನೀರುದೋಸೆಗೆ ಕೋಳಿ ಸಾರು ಇತ್ತು, ತಿಂದ ಮೇಲೆ ಏಳಲಾಗಲಿಲ್ಲ.

೧೬ ಡಿಸೆಂಬರ್

ಇವತ್ತೂ ಆಗಲಿಲ್ಲ. ಪ್ರಫುಲ್ಲಾ ರವಕೆ ಹೊಲಿಯುತ್ತಾ ಕುಳಿತಿದ್ದಳು, ನಾನು ಪತ್ರಿಕೆ ಓದಿ ಹೇಳುತ್ತಿದ್ದೆ. ಹೊಲಿಗೆ ಯಂತ್ರದ ಷಟಲ್ ಸ್ವಲ್ಪ ಕಚ್ಚುತ್ತಿತ್ತು, ಬಿಚ್ಚಿ ಸರಿ ಮಾಡಿದೆ. ಅದೂ ಒಳ್ಳೆಯ ಯಂತ್ರವೇ. ಇಷ್ಟು ವರ್ಷ ನೋಡಿರಲಿಲ್ಲ.

೨೩ ಡಿಸೆಂಬರ್

ಕಾಪುವಿಗೆ ಹೋದೆವು. ದೀಪಸ್ತಂಭ ಹತ್ತಬೇಕೆಂದು ಅವಳಿಗೆ ಮದುವೆಯಾದಾಗಿನಿಂದ ಆಸೆಯಂತೆ. ಹೇಳಬಾರದಿತ್ತಾ ಎಂದೆ. ಹೇಳಿದ್ದಳಂತೆ. ಮೇಲೆ ನಿಂತರೆ ನನಗೆ ಎಲ್ಲ ಒಂದೇ ನೀಲಿ. ಅವಳು ಹೇಳುತ್ತಾ ಹೋದಳು: ಅಲ್ಲಿ ಮೂರು ದೋಣಿ ಉಂಟು, ಒಂದರಲ್ಲಿ ಕೆಂಪು ಬಾವುಟ, ಒಬ್ಬ ನಿಂತುಕೊಂಡು ಬಲೆ ಎಳೆಯುತ್ತಿದ್ದಾನೆ, ಈಗ ಕುಳಿತ. ಒಂದು ಗಂಟೆ ಹಾಗೆಯೇ ಕಳೆಯಿತು. ಅವಳ ಕಣ್ಣು ನನ್ನದಕ್ಕಿಂತ ಎಷ್ಟೋ ಚೆನ್ನಾಗಿದೆ. ಸಂತೋಷವಾಯಿತು.

ಠಾಣೆಗೆ ಮುಂದಿನ ವಾರ.

೮ ಜನವರಿ ೧೯೮೫, ಮಂಗಳವಾರ

ಚುನಾವಣೆ ಮುಗಿಯಿತು, ಕೋವಿ ಕೊಂಡುಹೋಗಲು ಠಾಣೆಯಿಂದ ಹೇಳಿಕಳಿಸಿದರು. ಹೋಗಿ ತಂದೆ. ನಳಿಗೆಯ ಮೇಲೆ ಕೆಂಪು ಚುಕ್ಕೆ ಎದ್ದಿತ್ತು. ಎಣ್ಣೆ ಹಾಕಲು ಹೋಗದ್ದು ನನ್ನದೇ ತಪ್ಪು.

ನಾನು ಬರುವಷ್ಟರಲ್ಲಿ ಪ್ರಫುಲ್ಲಾ ಸೀರೆಗಳನ್ನು ಟ್ರಂಕಿಗೆ ಹಾಕುತ್ತಿದ್ದಳು. ಜಗಳವಿಲ್ಲ, ಕನ್ನಡವೂ ಇಲ್ಲ. ಹದಿನೇಳು ಸೀರೆ. ನಾನು ಎಣಿಸಿದ್ದು ಇದೇ ಮೊದಲು. ಹಲಗೆಗಳನ್ನು ಪುನಃ ತೆಗೆದು ಕೋವಿಯನ್ನು ಕಪಾಟಿನಲ್ಲಿ ನಿಲ್ಲಿಸಿ ಬೀಗ ಹಾಕಿ, ಟ್ರಂಕನ್ನು ಹೆಗಲ ಮೇಲೆ ಹೊತ್ತು ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದೆ. ಬಸ್ಸು ಹೊರಡುವಾಗ, "ಫ್ರಿಜ್ಜಿಲ್ಲದ ಮನೆ, ಸಾರನ್ನು ಎರಡು ಸಲ ಕುದಿಸಿ ಇಡಿ" ಎಂದಳು.

ಕೋವಿ ಮನೆಗೆ ಬಂದದ್ದು ಸಂತೋಷ.

೧೩ ಜನವರಿ, ಭಾನುವಾರ

ಶಿರ್ವ. ಮೂರು ಗುಂಡು ಹೊಡೆದೆ. ಬೋಲ್ಟ್ ಹಿಂದೆ ಹೋಯಿತು, ಮುಂದೆ ಬಂತು. ಪ್ಯಾಟ್ರಿಕ್, ಹತ್ತೂ ಹೊಡೆಯಿರಿ ಎಂದ. ಸ್ಪ್ರಿಂಗಿಗೆ ವಿಶ್ರಾಂತಿ ಬೇಕೆಂದು ಹೇಳಿದೆ. ನಿಜವಾಗಿ ಅದಕ್ಕೆ ಹಾಗೇನೂ ಬೇಡ.

೨೦ ಜನವರಿ

ಹೋಟೆಲಿನ ಊಟ ಸಾಕಾಗಿ ಮನೆಯಲ್ಲೇ ಗಂಜಿ ಬೇಯಿಸಿದೆ. ಎದುರಿಗೆ ಯಾರೂ ಇಲ್ಲದೆ ಉಣ್ಣುವುದು ಸರಿ ಕಾಣಲಿಲ್ಲ. ಕಪಾಟಿನ ಬಾಗಿಲು ತೆರೆದಿಟ್ಟು ಅದರೆದುರು ಕುಳಿತು ಉಂಡೆ. ಗಂಜಿಗೆ ಉಪ್ಪು ಹೆಚ್ಚಾಗಿದೆ ಎಂದು ಗಟ್ಟಿಯಾಗಿ ಹೇಳಿಯೂ ಬಿಟ್ಟೆ. ಅದು ಏನು ಹೇಳುತ್ತದೆ? ಚೆನ್ನಾಗಿ ತಯಾರಾದ ಯಂತ್ರ, ತನ್ನ ಕೆಲಸದ ಹೊರತು ಬೇರೆ ಮಾತಿಲ್ಲ.

ಮನೆ ತುಂಬ ಖಾಲಿ ಅನಿಸುತ್ತದೆ. ಚಳಿಗಾಲ, ಹಾಗಿರಬೇಕು.

೨೮ ಜನವರಿ, ಸೋಮವಾರ

ಶೇಕಬ್ಬ ಪತ್ರಿಕೆ ಹಿಡಿದುಕೊಂಡು ಬಂದು, "ಭುಜಂಗಣ್ಣ, ನಿಮ್ಮ ಎರಡನೆಯವಳಿಗೆ ಪುನಃ ಜೈಲು. ಮಾರ್ಚಿನಲ್ಲಿ ವಿಧಾನಸಭೆಗೆ ಓಟು" ಎಂದ.

ಬಿಚ್ಚಿಟ್ಟ ವಾಚನ್ನು ಹಾಗೆಯೇ ಬಿಟ್ಟು ಮನೆಗೆ ಓಡಿದೆ. ಕೋವಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ರಿಕ್ಷಾದಲ್ಲಿ ಠಾಣೆಗೆ ಒಯ್ದೆ. ಹೂವಪ್ಪನವರು ಚಹಾ ಕುಡಿಯುತ್ತಿದ್ದರು.

"ಏನ್ರೀ ಇದು?"

"ಚುನಾವಣೆ."

"ಆರ್ಡರ್ ಬಂದಿಲ್ವಲ್ರೀ."

"ಬರುತ್ತದೆ. ನಾನು ಮೊದಲೇ ತಂದಿದ್ದೇನೆ."

"ಆರ್ಡರ್ ಇಲ್ದೆ ತಗೊಂಡ್ರೆ ನಿಮ್ಮ ಕೋವಿ ನಾನು ಕಿತ್ಕೊಂಡ ಹಾಗಾಗುತ್ತೆ. ತಗೊಂಡು ಹೋಗಿ."

ಅರ್ಧ ಗಂಟೆ ವಾದ ಮಾಡಿದೆ. ಕೊಡುವವನು ಕೊಡುತ್ತೇನೆಂದರೂ ತೆಗೆದುಕೊಳ್ಳದ ಪೊಲೀಸರನ್ನು ಈ ದೇಶದಲ್ಲಿ ನಾನೊಬ್ಬನೇ ಕಂಡಿರಬೇಕು. ಕಾನೂನು ಪಾಲನೆಯಲ್ಲಿ ಪ್ರಜೆ ಒಂದು ಹೆಜ್ಜೆ ಮುಂದಿರಬೇಕೆಂಬುದಷ್ಟೇ ನನ್ನ ಉದ್ದೇಶ. ಬೇರೆ ಏನೂ ಇಲ್ಲ.

೨೯ ಜನವರಿ

ಆರ್ಡರ್ ಬಂದ ಹಾಗಿಲ್ಲ.

೩೦ ಜನವರಿ

ಬಂದಿಲ್ಲ.

೩೧ ಜನವರಿ

ಬಂದಿಲ್ಲ. ಹೂವಪ್ಪನವರು ನನ್ನನ್ನು ದೂರದಿಂದ ಕಂಡೇ ಕೈ ಆಡಿಸುತ್ತಾರೆ.

೨ ಫೆಬ್ರವರಿ, ಶನಿವಾರ

ಬಂತು! ಈ ಸಲ ನನ್ನದು ಒಂದನೇ ನಂಬರು. ರಸೀದಿಯ ಶಾಯಿ ಒಣಗುವ ಮೊದಲು ಪೆರ್ಡೂರಿನ ಬಸ್ಸು ಹತ್ತಿದೆ. ಬೇಬಿ, "ಯಾರು ಗೆದ್ದರೂ ಸರಿ, ಓಟಿನವರಿಗೆ ಪುಣ್ಯ ಬರಲಿ" ಎಂದಳು. ಟ್ರಂಕು ನಾನೇ ಹೊತ್ತೆ. ಸೀರೆಗಳನ್ನು ಕಪಾಟಿನಲ್ಲಿ ಜೋಡಿಸುವಾಗ ಪ್ರಫುಲ್ಲಾ ಒಂದೊಂದನ್ನೂ ಯಾವಾಗಿನದ್ದೆಂದು ಹೇಳಿದಳು. ಹಸಿರು ಅಂಚಿನದ್ದು ಕಾರ್ಕಳದ ಮದುವೆಯೊಂದಕ್ಕೆ ತೆಗೆದದ್ದಂತೆ, ಉಟ್ಟಾಗ ನಾನು ಚೆನ್ನಾಗಿದೆ ಎಂದಿದ್ದೆನಂತೆ. ಅಂದಿರಬಹುದು.

೨೦ ಫೆಬ್ರವರಿ

ದಿನಗಳು ಬೇಗ ಓಡುತ್ತವೆ. ತಾಲೂಕು ಕಚೇರಿಗೆ ಬೇರೆ ಕೆಲಸಕ್ಕೆ ಹೋಗಿದ್ದವನು, ವಿಧಾನಸಭೆಯ ನಂತರ ಬೇರೆ ಯಾವ ಚುನಾವಣೆ ಉಂಟೆಂದು ಗುಮಾಸ್ತರನ್ನು ಕೇಳಿದೆ. ಸದ್ಯಕ್ಕೆ ಇಲ್ಲವಂತೆ. ಪುರಸಭೆ? ಇಲ್ಲ. ಪಂಚಾಯತಿ? ಗೊತ್ತಿಲ್ಲ. ಹಾಲಿನ ಸೊಸೈಟಿಗೆ ಜೂನಿನಲ್ಲಿ ಉಂಟು ಎಂದರು.

ಶೇಕಬ್ಬನಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಾಲಿನ ಸೊಸೈಟಿಗೆ ಕೋವಿ ಇಡುವುದಾದರೆ ದನಗಳ ಕೊಂಬೂ ಇಡಿಸಬೇಕು ಮಾರಾಯ್ರೆ." ಆಮೇಲೆ ನಗು ನಿಲ್ಲಿಸಿ, "ಅದನ್ನು ಮಾರಿಬಿಡಿ ಭುಜಂಗಣ್ಣ" ಎಂದ. ನಾನು ಯಾಕೆ ಮಾರಲಿ? ನನಗೆ ಕೋವಿಯ ಮೇಲೆ ಏನೂ ಬೇಸರವಿಲ್ಲ. ಕುತೂಹಲಕ್ಕೆ ಕೇಳಿದ್ದಷ್ಟೇ.

೯ ಮಾರ್ಚ್, ಶನಿವಾರ

ಫಲಿತಾಂಶ ಬಂತು. ಬೀದಿಯಲ್ಲಿ ಪಟಾಕಿ. ಯಾರು ಗೆದ್ದರೆಂದು ಗಮನಿಸಲಿಲ್ಲ.

೧೨ ಮಾರ್ಚ್

ನೋಟೀಸು. ಏಳು ದಿನದೊಳಗೆ ಕೋವಿ ಒಯ್ಯಬೇಕು, ಇಲ್ಲವಾದರೆ ಮೇಲಿನವರಿಗೆ ಬರೆಯುತ್ತಾರೆ. ಅಂಗಡಿಯಲ್ಲಿ ಬಹಳ ಕೆಲಸ. ಎಲ್ಲ ಡಿಜಿಟಲ್, ಬ್ಯಾಟರಿ ಬದಲಿಸಬೇಕು.

೧೫ ಮಾರ್ಚ್

ಕೆಲಸ.

೧೭ ಮಾರ್ಚ್, ಭಾನುವಾರ

ಅಂಗಳದಲ್ಲಿ ಹಗ್ಗ ಕಟ್ಟಿ ಪ್ರಫುಲ್ಲಾ ಹದಿನೇಳು ಸೀರೆಗಳನ್ನೂ ಬಿಸಿಲಿಗೆ ಹಾಕಿದಳು. ಟ್ರಂಕನ್ನೂ ಒರೆಸಿ ಬಾಯಿ ತೆರೆದು ಇಟ್ಟಳು. ನೋಟೀಸು ನಾನು ತೋರಿಸಿರಲಿಲ್ಲ, ಬನಿಯನ್ನುಗಳ ಕೆಳಗೆ ಇಟ್ಟಿದ್ದೆ. ಬನಿಯನ್ನು ಒಗೆಯುವವಳು ಅವಳೇ ಎಂಬುದು ನೆನಪಾಗಲಿಲ್ಲ.

"ನಾಡಿದ್ದು ಕೊನೆಯ ದಿನ ಅಲ್ವಾ?" ಎಂದಳು.

ಹೌದು ಎಂದೆ.

"ನಾಳೆಯೇ ತನ್ನಿ. ಹನ್ನೊಂದು ಗಂಟೆಯ ಬಸ್ಸು ಉಂಟು, ಅದು ತಪ್ಪಿದರೆ ಮೂರಕ್ಕೇ." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಏನಾದರೂ ಹೇಳಬಹುದಿತ್ತು. ಊಟ ಸೇರಲಿಲ್ಲ. ಅವಳೂ ಎರಡು ತುತ್ತು ಉಂಡು ಎದ್ದಳು.

೧೮ ಮಾರ್ಚ್, ಸೋಮವಾರ

ಹತ್ತು ಗಂಟೆಗೆ ಠಾಣೆಗೆ ಹೋದೆ. ಕೋಣೆಯಲ್ಲಿ ಉಳಿದದ್ದು ನನ್ನದೊಂದೇ. ಹೂವಪ್ಪನವರು ಪುಸ್ತಕ ತೆರೆದು, "ಸೈನ್ ಮಾಡ್ರೀ, ಕಸ ಹೊಡಿಸ್ಬೇಕು ಇಲ್ಲಿ" ಎಂದರು. ಪೆನ್ನು ತೆಗೆದುಕೊಂಡೆ. ಸಹಿ ಹಾಕಲು ಕೈ ಬರಲಿಲ್ಲ. ಇಲ್ಲೇ ಇಡಲು ಏನಾದರೂ ದಾರಿ ಉಂಟೇ ಎಂದು ಕೇಳಿದೆ.

"ಬಿಟ್ಟು ಕೊಡ್ತೀರಾ? ಲೈಸೆನ್ಸ್ ರದ್ದು ಮಾಡಿಸ್ತೀರಾ?"

"ಅಷ್ಟಲ್ಲ. ಇರಲಿ. ಇಲ್ಲಿ ಇರಲಿ."

ಅವರು ಎದ್ದು ಹೋಗಿ ಬೀರುವಿನ ತಳದಿಂದ ಧೂಳು ಹಿಡಿದ ಫಾರಂ ತಂದರು. ಸುರಕ್ಷಿತ ಠೇವಣಿಗೆ ಅರ್ಜಿ. ಅವರ ಸರ್ವಿಸಿನಲ್ಲಿ ಇದನ್ನು ತುಂಬಿದವರು ಇಬ್ಬರಂತೆ, ಒಬ್ಬರು ಮಸ್ಕತ್ತಿಗೆ ಹೋಗುವವರು, ಇನ್ನೊಬ್ಬರು ತೀರಿಕೊಂಡವರ ಮಗ. ಹೆಸರು, ವಿಳಾಸ, ಕೋವಿಯ ನಂಬರು ಬರೆದೆ. ಆಮೇಲೆ 'ಆಯುಧವನ್ನು ಮನೆಯಲ್ಲಿ ಇರಿಸಿಕೊಳ್ಳಲು ಆಗದಿರುವ ಕಾರಣ' ಎಂದಿತ್ತು. ಉಪ್ಪು ಗಾಳಿ ಎಂದು ಬರೆಯೋಣ ಎಂದುಕೊಂಡೆ. ತುಕ್ಕು ಎಂದುಕೊಂಡೆ. ನಾನೇ ನಡೆಸಿಕೊಟ್ಟ ಗೋಡೆ ಗಡಿಯಾರ ಹತ್ತೂವರೆ ತೋರಿಸುತ್ತಿತ್ತು. ಸರಕಾರಿ ಕಾಗದದಲ್ಲಿ ಸುಳ್ಳು ಬರೆಯಬಾರದೆಂದು ಇದ್ದದ್ದನ್ನೇ ಬರೆದೆ: ಹೆಂಡತಿ ಮನೆಯಲ್ಲಿದ್ದಾಳೆ.

ಹೂವಪ್ಪನವರು ಓದಿದರು. "ಇದೇನ್ರೀ ಕಾರಣ? ಎಲ್ಲರ ಮನೇಲೂ ಹೆಂಡ್ತಿ ಇರ್ತಾಳೆ."

"ನನ್ನ ಮನೆಯಲ್ಲಿ ಯಾವಾಗಲೂ ಇರುವುದಿಲ್ಲ."

ಹೂವಪ್ಪನವರ ಸಂಸಾರ ಘಟ್ಟದ ಮೇಲೆಯೇ ಇದೆಯೆಂದು ಒಮ್ಮೆ ಹೇಳಿದ್ದರು. ಮತ್ತೇನೂ ಕೇಳದೆ ಠಸ್ಸೆ ಒತ್ತಿದರು. "ಅವಧಿ ಖಾಲಿ ಬಿಟ್ಟಿದ್ದೀರಿ. ಎಷ್ಟು ದಿನಕ್ಕೆ?"

"ಅದನ್ನು ಅವಳ ಹತ್ತಿರ ಕೇಳಿ ಬರೆಯುತ್ತೇನೆ."

ಫಾರಂ ಹಿಡಿದುಕೊಂಡು ಬರುವಾಗ ಹನ್ನೊಂದಕ್ಕೆ ಐದು ನಿಮಿಷ. ಪ್ರಫುಲ್ಲಾ ಹಸಿರು ಅಂಚಿನ ಸೀರೆ ಉಟ್ಟು ಟ್ರಂಕಿನ ಮೇಲೆ ಕುಳಿತಿದ್ದಳು. ಖಾಲಿ ಕೈ ನೋಡಿ ಎದ್ದು ನಿಂತಳು. ಫಾರಂ ಕೊಟ್ಟೆ. ಕನ್ನಡಕ ಹುಡುಕಿ ಹಾಕಿ, ಕಾರಣದ ಸಾಲನ್ನು ಎರಡು ಸಲ ಓದಿದ ಹಾಗೆ ಕಂಡಿತು. ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಅದರಲ್ಲಿ ಕೊಳೆಯೇನೂ ಇರಲಿಲ್ಲ.

"ಅವಧಿಯಲ್ಲಿ ಎಂತ ಬರೆಯಲಿ? ನೀನು ಹೇಳು" ಎಂದೆ.

ಯೋಚನೆ ಮಾಡಿ, "ಮುಂದಿನ ಚುನಾವಣೆಯವರೆಗೆ ಎಂದು ಬರೆಯಿರಿ" ಎಂದಳು.

"ಚುನಾವಣೆ ಬಂದರೆ ಅದು ಹೇಗೂ ಅಲ್ಲಿಯೇ ಇರಬೇಕಲ್ಲ?"

"ಹೌದಲ್ವಾ" ಎಂದು ಅಕ್ಕಿ ತೊಳೆಯಲು ಒಳಗೆ ಹೋದಳು.

ಹಾಗೆಯೇ ಬರೆದೆ.